ಸೋತ ರಾತ್ರಿ ಕೋಚ್ ಆಡುವ ಮಾತು ಯಾರಿಗೆ?

ಪ್ರಶ್ನೆ: ಕೊನೆಯ ಸಾಲಿನ ಪ್ರೇಕ್ಷಕ

ಮಗಳು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದಂದಿನಿಂದ, ಅಂದರೆ ಮೂರು ಸೀಸನ್‌ಗಳಿಂದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಲ್ಲಿಯ ಕಾಲೇಜು ಫುಟ್‌ಬಾಲನ್ನು ನಾನು ತಪ್ಪದೆ ನೋಡುತ್ತಿದ್ದೇನೆ. ನಾಲ್ಕು ಡೌನ್‌ಗಳಲ್ಲಿ (ಯತ್ನಗಳಲ್ಲಿ) ಹತ್ತು ಗಜ ಮುಂದೆ ಸಾಗಬೇಕೆಂಬ ಮೊದಲ ಪಾಠದಿಂದ ಆರಂಭಿಸಿ, ಮೂರನೇ ಡೌನಿನಲ್ಲಿ ಎದುರಾಳಿ ಬ್ಲಿಟ್ಜ್ ಮಾಡಲಿದ್ದಾನೆಯೇ (ಚೆಂಡೆಸೆಯುವವನ ಮೇಲೆ ಹೆಚ್ಚು ಜನರನ್ನು ನುಗ್ಗಿಸಲಿದ್ದಾನೆಯೇ) ಎಂದು ಊಹಿಸಿ ಅರ್ಧದಷ್ಟು ಸಲ ತಪ್ಪುವ ಮಟ್ಟಕ್ಕೆ ಬಂದಿದ್ದೇನೆ. ಇಂದಿಗೂ ತಲೆಗೆ ಹತ್ತದೆ ಉಳಿದಿರುವುದು ಆಟ ಮುಗಿದ ಮೇಲೆ ಕೋಚ್ ಆಡುವ ಮಾತು.

ಕಳೆದ ಶನಿವಾರ ನಮ್ಮ ತಂಡ ಮೂರು ಅಂಕಗಳಿಂದ ಹಿಂದಿತ್ತು. ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಉಳಿದಿತ್ತು, ಚೆಂಡು ಎದುರಾಳಿಯ 28 ಗಜದ ಗೆರೆಯ ಬಳಿ ಇತ್ತು, ಮೂರನೇ ಡೌನಿಗೆ ಏಳು ಗಜ ಬೇಕಿತ್ತು. ಏನೂ ಆಗದಿದ್ದರೂ ಚೆಂಡನ್ನು ಒದ್ದು ಮೂರು ಅಂಕದ ಫೀಲ್ಡ್ ಗೋಲ್ ಹೊಡೆದು ಸಮ ಮಾಡಿಕೊಳ್ಳುವ ಅವಕಾಶವಿತ್ತು. ಎರಡನೇ ವರ್ಷದ ವಿದ್ಯಾರ್ಥಿಯಾದ ನಮ್ಮ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡೆಸೆಯುವ ಆಟಗಾರ) ಹೊರಗೆರೆಯ ಕಡೆಗೆ ಚೆಂಡೆಸೆದ. ಅದನ್ನು ಹಿಡಿಯಬೇಕಾಗಿದ್ದ ರಿಸೀವರ್ ಒಳಗೆ ತಿರುಗಿ ಓಡುತ್ತಿದ್ದ. ಅಲ್ಲಿ ನಿಂತಿದ್ದ ಎದುರಾಳಿಗೆ ಯಾರೋ ಕರೆದು ಕೊಟ್ಟಂತೆ ಚೆಂಡು ಸಿಕ್ಕಿತು. ಇಬ್ಬರಲ್ಲಿ ಒಬ್ಬನದು ತಪ್ಪು ಎನ್ನುವುದು ನನ್ನಂಥವನಿಗೂ ಕಂಡಿತು.

ಆಮೇಲಿನ ಪತ್ರಿಕಾಗೋಷ್ಠಿ ಹನ್ನೊಂದು ನಿಮಿಷ ನಡೆಯಿತು. ಕೋಚ್ ‘ಎಕ್ಸಿಕ್ಯೂಟ್’ (ಕಾರ್ಯಗತಗೊಳಿಸು) ಎಂಬ ಪದವನ್ನು ಆರು ಸಲ ಬಳಸಿದರು, ನಾನು ಎಣಿಸಿದೆ. ‘ಫಿಲ್ಮ್ (ಆಟದ ವಿಡಿಯೊ) ನೋಡಿದ ಮೇಲೆ ಹೇಳಬಲ್ಲೆ’ ಎಂದರು, ‘ಇದೆಲ್ಲ ನನ್ನಿಂದಲೇ ಶುರುವಾಗುತ್ತದೆ’ ಎಂದರು, ‘ಹುಡುಗರು ಕೊನೆಯ ತನಕ ಹೋರಾಡಿದರು’ ಎಂದರು. ಆ ಎಸೆತದ ಬಗ್ಗೆ ನೇರವಾಗಿ ಕೇಳಿದಾಗಲೂ ಯಾರ ತಪ್ಪೆಂದು ಹೇಳದೆ ಜಾರಿಕೊಂಡರು. ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳ ಪಡೆಯುವವರೊಬ್ಬರು, ತಮ್ಮ ಕಣ್ಣೆದುರೇ ನಡೆದ ಒಂದು ಸಂಗತಿಯನ್ನು ಎರಡು ವಾಕ್ಯಗಳಲ್ಲಿ ವಿವರಿಸಲಾರರೇ? ಈ ಮಾತುಗಳಿಗೆ ನಿಜವಾಗಿ ಏನಾದರೂ ಅರ್ಥವಿದೆಯೇ, ಅಥವಾ ಇವು ಗಿಳಿಪಾಠವೇ? ಕೋಚ್ ಒಬ್ಬರ ಯೋಗ್ಯತೆಯನ್ನು ಅವರ ಮಾತಿನಿಂದ ಅಳೆಯಲು ಸಾಧ್ಯವೇ? ಈ ಆಟವನ್ನು ನನಗಿಂತ ಹೆಚ್ಚು ಕಾಲ ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಟಿಪ್ಪಣಿ

ನಿಮ್ಮ ಅಸಮಾಧಾನ ಅರ್ಥವಾಗುತ್ತದೆ. ಆದರೆ ನೀವು ಎಣಿಸಿದ್ದು ಬೇರೆ ಪದವನ್ನು. ‘ಎಕ್ಸಿಕ್ಯೂಟ್’ ಅನ್ನು ಬಿಟ್ಟುಬಿಡಿ, ‘ನಾನು’, ‘ನಾವು’, ‘ಅವರು’ ಎಂಬ ಮೂರು ಸರ್ವನಾಮಗಳು ಎಲ್ಲೆಲ್ಲಿ ಬಂದು ಕೂರುತ್ತವೆ ಎಂಬುದನ್ನು ಗಮನಿಸಿ. ಕೋಚ್‌ಗಳ ಮಾತಿನಲ್ಲಿ ನಾಮಪದ, ಕ್ರಿಯಾಪದಗಳೆಲ್ಲ ಹೆಚ್ಚುಕಡಿಮೆ ಬಾಡಿಗೆಗೆ ತಂದವು. ಸ್ವಂತದ್ದು ಏನಾದರೂ ಇದ್ದರೆ ಅದು ಸರ್ವನಾಮ ಮಾತ್ರ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವರು 1958ರಿಂದ 1982ರವರೆಗೆ ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಪಾಲ್ ‘ಬೇರ್’ ಬ್ರೈಯಂಟ್. ಏನಾದರೂ ಕೆಟ್ಟರೆ ಮಾಡಿದವನು ನಾನು, ತಕ್ಕಮಟ್ಟಿಗೆ ಚೆನ್ನಾಗಿ ನಡೆದರೆ ಮಾಡಿದವರು ನಾವು, ನಿಜಕ್ಕೂ ಚೆನ್ನಾಗಿ ನಡೆದರೆ ಮಾಡಿದವರು ನೀವು. ಜನ ನಿಮಗಾಗಿ ಆಟ ಗೆದ್ದು ಕೊಡಲು ಇಷ್ಟು ಸಾಕು ಎನ್ನುವುದು ಅವರ ಮಾತಿನ ಸಾರ. ಅದೇ ಬ್ರೈಯಂಟ್ 1954ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಸುಡುಬಿಸಿಲಿನಲ್ಲಿ ಕುಡಿಯಲು ನೀರೂ ಕೊಡದೆ ಅಭ್ಯಾಸ ಮಾಡಿಸಿದವರು. ಎಷ್ಟೋ ಹುಡುಗರು ನಡುರಾತ್ರಿ ಎದ್ದು ಓಡಿಹೋದರು, ಆ ವರ್ಷ ತಂಡ ಗೆದ್ದದ್ದು ಒಂದೇ ಆಟ. ಆದ್ದರಿಂದ ಒಳ್ಳೆಯ ಮಾತಾಡಿದವರೆಲ್ಲ ಒಳ್ಳೆಯವರು ಎಂಬ ವಾದ ನನ್ನದಲ್ಲ. ಸೋಲನ್ನು ಯಾರ ಹೆಗಲಿಗೆ ಹಾಕಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು, ಅಷ್ಟೆ.

ಪತ್ರಿಕಾಗೋಷ್ಠಿಯಲ್ಲಿ ಎದುರಿಗೆ ಕುಳಿತವರು ವರದಿಗಾರರು ನಿಜ, ಆದರೆ ಕೋಚ್ ಮಾತಾಡುತ್ತಿರುವುದು ಅವರೊಂದಿಗಲ್ಲ. ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಅದನ್ನೇ ನೋಡುತ್ತಿರುವ ಆಟಗಾರರು, ಅವರ ತಾಯ್ತಂದೆಯರು, ಮುಂದಿನ ವರ್ಷ ಯಾವ ಕಾಲೇಜು ಸೇರಲೆಂದು ಯೋಚಿಸುತ್ತಿರುವ ಹೈಸ್ಕೂಲು ಹುಡುಗರು, ಹಣ ಕೊಡುವ ಹಳೆಯ ವಿದ್ಯಾರ್ಥಿಗಳು, ಕೋಚನ್ನು ತೆಗೆಯುವ ಅಧಿಕಾರವಿರುವ ಕ್ರೀಡಾ ನಿರ್ದೇಶಕರು, ಮುಂದಿನ ವಾರದ ಎದುರಾಳಿ ಕೋಚ್, ಹೀಗೆ ಎಷ್ಟೋ ಕಿವಿಗಳು ಅದೇ ಕೋಣೆಯ ಗೋಡೆಗೆ ಅಂಟಿಕೊಂಡಿರುತ್ತವೆ. ಇವರಲ್ಲಿ ಯಾರಿಗೂ ಅಪಾಯವಾಗದಂತೆ ಹನ್ನೊಂದು ನಿಮಿಷ ಮಾತಾಡಿ ನೋಡಿ, ನೀವೂ ‘ಎಕ್ಸಿಕ್ಯೂಟ್’ ಅನ್ನು ಆರು ಸಲ ಬಳಸುತ್ತೀರಿ.

ಒಂದೇ ದೂರನ್ನು ಇಬ್ಬರು ಕೋಚ್‌ಗಳು ಹೇಳಿದ ರೀತಿಯನ್ನು ಹೋಲಿಸಿ ನೋಡೋಣ. 2009ರಲ್ಲಿ ಟೆಕ್ಸಸ್ ಟೆಕ್ ತಂಡ ತನ್ನ ಮೈದಾನದಲ್ಲೇ ಟೆಕ್ಸಸ್ ಎ ಆ್ಯಂಡ್ ಎಂ ಎದುರು 52-30ರಲ್ಲಿ ಸೋತಾಗ ಕೋಚ್ ಮೈಕ್ ಲೀಚ್, ಆಟಗಾರರು ತಮ್ಮ ‘ದಪ್ಪಗಿನ ಪುಟ್ಟ ಗೆಳತಿಯರ’ ಹೊಗಳಿಕೆಗೆ ಕಿವಿಗೊಟ್ಟು ಕೆಟ್ಟರು ಎಂದುಬಿಟ್ಟರು. ಎಂಟು ವರ್ಷಗಳ ನಂತರ, 2017ರ ಅಕ್ಟೋಬರಿನಲ್ಲಿ, ಅದೇ ಎ ಆ್ಯಂಡ್ ಎಂ ತಂಡವನ್ನು ಅಲಬಾಮಾ 27-19ರಲ್ಲಿ ಸೋಲಿಸಿದಾಗ ಅಲಬಾಮಾದ ಕೋಚ್ ನಿಕ್ ಸೇಬನ್ ವರದಿಗಾರರತ್ತ ತಿರುಗಿ, ನೀವು ನಮ್ಮನ್ನು ಹೊಗಳಿ ಬರೆಯುವುದೆಲ್ಲ ವಿಷ, ಇಲಿಪಾಷಾಣ ಎಂದರು. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಬೇಡಿ ಎಂದು ನಾವು ಹೇಳುವುದನ್ನು ಅವರು ಇಲಿಪಾಷಾಣದ ಭಾಷೆಯಲ್ಲಿ ಹೇಳಿದರು. ಇಬ್ಬರ ದೂರೂ ಒಂದೇ: ಹುಡುಗರು ನನ್ನ ಮಾತನ್ನು ಬಿಟ್ಟು ಹೊರಗಿನವರ ಮಾತು ಕೇಳುತ್ತಿದ್ದಾರೆ. ಆದರೆ ಲೀಚ್ ಅದನ್ನು ಸೋತಾಗ ಹೇಳಿದರು, ತಪ್ಪು ಹುಡುಗರದಾಯಿತು, ಜೊತೆಗೆ ಸಂಬಂಧವೇ ಇಲ್ಲದ ಹೆಣ್ಣುಮಕ್ಕಳಿಗೂ ಒಂದು ಪೆಟ್ಟು ಬಿತ್ತು. ಸೇಬನ್ ಗೆದ್ದಾಗ ಹೇಳಿದರು, ತಪ್ಪು ಎದುರಿಗೆ ಕುಳಿತ ವರದಿಗಾರರದಾಯಿತು. ಸೇಬನ್‌ರ ಸಿಟ್ಟು ಎಷ್ಟು ಪಾಲು ನಿಜ, ಎಷ್ಟು ಪಾಲು ನಾಟಕ ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ನಾಟಕವೇ ಎಂಬುದು ನನ್ನ ಅನುಮಾನ. ಆದರೆ ಅದು ಸರಿಯಾದ ಪ್ರೇಕ್ಷಕರಿಗಾಗಿ ಆಡಿದ ನಾಟಕ.

ಆಟಗಾರನ ಹೆಸರು ಹೇಳದಿರುವುದನ್ನು ನೀವು ಜಾರಿಕೊಳ್ಳುವಿಕೆ ಎಂದಿದ್ದೀರಿ. 2018ರ ಜನವರಿಯ ರಾಷ್ಟ್ರೀಯ ಫೈನಲಿನಲ್ಲಿ ಅಲಬಾಮಾ ಅರ್ಧ ಆಟದ ವೇಳೆಗೆ 13-0ರಿಂದ ಹಿಂದಿದ್ದಾಗ ಸೇಬನ್ ತಮ್ಮ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ರನ್ನು ಕೂರಿಸಿ ಮೊದಲ ವರ್ಷದ ಟುವಾ ಟಂಗೊವೈಲೋವರನ್ನು ಇಳಿಸಿದರು; ತಂಡ ಹೆಚ್ಚುವರಿ ಅವಧಿಯಲ್ಲಿ ಜಾರ್ಜಿಯಾವನ್ನು 26-23ರಲ್ಲಿ ಸೋಲಿಸಿತು. ಮುಂದಿನ ಸೆಪ್ಟೆಂಬರಿನಲ್ಲಿ ಮೊದಲ ಆಟ ಗೆದ್ದ ಕೂಡಲೇ ಮೈದಾನದಲ್ಲೇ ಒಬ್ಬ ವರದಿಗಾರ್ತಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಕೇಳಿದಾಗ ಅವರು ಸಿಡಿದುಬಿದ್ದರು: ಇಬ್ಬರಲ್ಲಿ ಒಬ್ಬನಿಗೆ ಅಗೌರವವಾಗುವಂಥ ಮಾತನ್ನು ನನ್ನ ಬಾಯಿಂದ ಹೊರಡಿಸಲು ಏಕೆ ನೋಡುತ್ತೀರಿ, ನಾನು ಹೇಳುವುದಿಲ್ಲ. ಮಾತಿನ ಧಾಟಿ ಒರಟಾಗಿತ್ತು, ಮರುದಿನ ಆಕೆಗೆ ಕರೆ ಮಾಡಿ ಕ್ಷಮೆ ಕೇಳಿದರು. ಧಾಟಿಯನ್ನು ಬದಿಗಿಟ್ಟರೆ ನಿಲುವಿನಲ್ಲಿ ತಪ್ಪಿಲ್ಲ. ಕೂರಿಸಲ್ಪಟ್ಟ ಹರ್ಟ್ಸ್ ತಂಡ ಬಿಟ್ಟು ಹೋಗಲಿಲ್ಲ. ಆ ಡಿಸೆಂಬರಿನಲ್ಲಿ ಟುವಾ ಗಾಯಗೊಂಡಾಗ ಅದೇ ಜಾರ್ಜಿಯಾ ಎದುರು ಇಳಿದು 35-28ರ ಗೆಲುವು ತಂದುಕೊಟ್ಟರು, ಸೇಬನ್ ಗಂಟಲು ಕಟ್ಟಿ ಮಾತಾಡಿದರು. ಸೆಪ್ಟೆಂಬರಿನಲ್ಲಿ ಅವರು ಬೇರೆ ರೀತಿ ಮಾತಾಡಿದ್ದರೆ ಡಿಸೆಂಬರಿನಲ್ಲಿ ಆ ಹುಡುಗ ಅಲ್ಲಿರುತ್ತಿದ್ದನೇ?

ಹಾಗೆಂದು ಆಟಗಾರನ ಪರವಾಗಿ ಅರಚುವುದೂ ಯಾವಾಗಲೂ ಒಳ್ಳೆಯದೇ ಎಂದಲ್ಲ. 2007ರಲ್ಲಿ ಒಕ್ಲಹೋಮಾ ಸ್ಟೇಟ್‌ನ ಕೋಚ್ ಮೈಕ್ ಗಂಡಿ ತಮ್ಮ ಕ್ವಾರ್ಟರ್‌ಬ್ಯಾಕ್ ಬಗ್ಗೆ ಬಂದ ಅಂಕಣವೊಂದನ್ನು ಕೈಯಲ್ಲಿ ಹಿಡಿದು, ಟೀಕಿಸುವುದಾದರೆ ನನ್ನನ್ನು ಟೀಕಿಸಿ, ನಾನು ಗಂಡಸು, ನನಗೆ ನಲವತ್ತು ವರ್ಷ ಎಂದು ಕೂಗಿದ್ದು ಇಂದಿಗೂ ಜನರ ಬಾಯಲ್ಲಿದೆ. ‘ನಾನು’ ಎಂಬ ಸರ್ವನಾಮ ಅಲ್ಲಿ ಧಾರಾಳವಾಗಿಯೇ ಇತ್ತು. ಆದರೆ ಊರಿಗಷ್ಟೇ ಗೊತ್ತಿದ್ದ ಅಂಕಣ ಅಂದಿನಿಂದ ದೇಶಕ್ಕೆಲ್ಲ ಗೊತ್ತಾಯಿತು. ಆ ಭಾಷಣ ತನಗೆ ಕೆಡುಕನ್ನೇ ಮಾಡಿತೆಂದು ಆ ಆಟಗಾರನೇ ಮುಂದೆ ಹೇಳಿಕೊಂಡ.

ಉತ್ತರ 2: ವಿಡಿಯೊ ಕೋಣೆ

ಮೇಲಿನವರು ಹೊರಗಿನ ಮಾತನ್ನು ವಿವರಿಸಿದ್ದಾರೆ. ನಾನು ಒಳಗಿನದನ್ನು ಸ್ವಲ್ಪ ಹೇಳುತ್ತೇನೆ. ಸ್ನಾತಕೋತ್ತರ ಪದವಿ ಓದುವಾಗ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಡಿಯೊ ವಿಭಾಗದಲ್ಲಿ ಎರಡು ಸೀಸನ್ ಕೆಲಸ ಮಾಡಿದ್ದೇನೆ. ನನ್ನ ಕೆಲಸವೇನೂ ಘನವಾದದ್ದಲ್ಲ. ಅಭ್ಯಾಸದ ವೇಳೆ ಎತ್ತರದ ಕಬ್ಬಿಣದ ಅಟ್ಟಣಿಗೆಯ ಮೇಲೆ ನಿಂತು ಚಿತ್ರೀಕರಿಸುವುದು, ಆಟದ ರಾತ್ರಿ ಪ್ರತಿ ಪ್ಲೇಯನ್ನೂ (ಚೆಂಡು ಕದಲಿದಾಗಿನಿಂದ ನಿಲ್ಲುವ ತನಕದ ಆಟವನ್ನು) ಕತ್ತರಿಸಿ, ಡೌನ್, ದೂರ, ರಚನೆ ಎಂದು ಗುರುತು ಹಾಕಿ ಬೆಳಗಿನೊಳಗೆ ಸಿದ್ಧಪಡಿಸುವುದು.

‘ಫಿಲ್ಮ್ ನೋಡಿದ ಮೇಲೆ ಹೇಳುತ್ತೇನೆ’ ಎನ್ನುವುದು ಬಹುಪಾಲು ನಿಜವೇ. ಮೈದಾನದ ಅಂಚಿನಲ್ಲಿ ನಿಂತ ಕೋಚ್‌ಗೆ ಕಾಣುವುದು ನಿಮ್ಮ ಟಿವಿಯಲ್ಲಿ ಕಾಣುವುದಕ್ಕಿಂತಲೂ ಕಡಿಮೆ. ಅವರ ಮುಂದೆ ಆರಡಿಗೂ ಮೀರಿದ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ. ತಂಡಗಳು ಚಿತ್ರೀಕರಿಸುವ ಫಿಲ್ಮ್‌ಗೆ ಎರಡು ಕೋನಗಳಿರುತ್ತವೆ, ಒಂದು ಪಕ್ಕದ ಎತ್ತರದಿಂದ, ಇನ್ನೊಂದು ಗೋಲಿನ ಹಿಂಬದಿಯಿಂದ. ಎರಡನೆಯದನ್ನು ನೋಡುವ ತನಕ ಯಾವ ಬ್ಲಾಕ್ (ಎದುರಾಳಿಯನ್ನು ಅಡ್ಡಗಟ್ಟುವುದು) ಏಕೆ ತಪ್ಪಿತೆಂದು ಪ್ರಾಮಾಣಿಕವಾಗಿ ಹೇಳಲಾಗದು. ಕ್ವಾರ್ಟರ್‌ಬ್ಯಾಕನ್ನು ಎಡಗಡೆಯಿಂದ ಬಂದು ಕೆಡವಿದರೆ ಜನ ಆ ಬದಿಯನ್ನು ಕಾಯುವ ಎಡ ಟ್ಯಾಕಲ್ ಆಟಗಾರನನ್ನು ಬೈಯುತ್ತಾರೆ. ಭಾನುವಾರ ನೋಡಿದರೆ, ಆ ಎದುರಾಳಿಯನ್ನು ತಡೆಯಬೇಕಾಗಿದ್ದವನು ಚೆಂಡು ಹಿಡಿದು ಓಡುವ ರನಿಂಗ್ ಬ್ಯಾಕ್, ಟ್ಯಾಕಲ್ ಆಟಗಾರ ಮಾಡಿದ್ದು ತನಗೆ ಹೇಳಿದ್ದನ್ನೇ.

ಭಾನುವಾರದ ಆ ಕೋಣೆಯಲ್ಲಿ ಮಾತ್ರ ಯಾವ ಮರೆಮಾಚುವಿಕೆಯೂ ಇರುವುದಿಲ್ಲ. ಪ್ರತಿ ಸ್ಥಾನಕ್ಕೂ ಒಬ್ಬ ಸಹಾಯಕ ಕೋಚ್ ಇರುತ್ತಾರೆ. ಅವರು ತಮ್ಮ ಹುಡುಗರ ಒಂದೊಂದು ಪ್ಲೇಗೂ ಪ್ಲಸ್ ಅಥವಾ ಮೈನಸ್ ಹಾಕಿರುತ್ತಾರೆ. ಏನು ಮಾಡಬೇಕಿತ್ತೋ ಅದನ್ನು ಮಾಡಿದನೇ, ಕಲಿಸಿದ ರೀತಿಯಲ್ಲಿ ಮಾಡಿದನೇ, ಮೈ ಬಗ್ಗಿಸಿ ಮಾಡಿದನೇ ಎಂಬುದು ಅಳತೆ. ನಾನಿದ್ದ ತಂಡದಲ್ಲಿ ಆಕ್ರಮಣ ಸಾಲಿನ ಕೋಚ್ ಒಬ್ಬರಿದ್ದರು, ಅರವತ್ತು ದಾಟಿದವರು. ರಿಮೋಟನ್ನು ಎಡಗೈಯಲ್ಲಿ ಹಿಡಿದು, ಒಂದು ಪ್ಲೇಯನ್ನು ಹಿಂದಕ್ಕೂ ಮುಂದಕ್ಕೂ ಏಳೆಂಟು ಸಲ ಓಡಿಸಿ, ಕೊನೆಗೆ ಹುಡುಗನ ಬಲಗಾಲು ನೆಲ ಬಿಡುವ ಕ್ಷಣದಲ್ಲಿ ನಿಲ್ಲಿಸುತ್ತಿದ್ದರು. ಬೈಯುತ್ತಿರಲಿಲ್ಲ. ‘ಈ ಕಾಲಿಗೆ ಏನಾಗಿದೆ, ನೀನೇ ಹೇಳು’ ಎನ್ನುತ್ತಿದ್ದರು. ಹುಡುಗ ‘ಹಿಂದಕ್ಕೆ ಹೋಗಿದೆ’ ಎನ್ನಬೇಕು, ‘ಎಷ್ಟು’ ಎಂದರೆ ‘ಆರು ಇಂಚು’ ಎನ್ನಬೇಕು. ಅಷ್ಟಾದ ಮೇಲೆಯೇ ಮುಂದಿನ ಪ್ಲೇ. ಸೀಸನ್ ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಕಡ್ಡಾಯ ಚಟುವಟಿಕೆ ಇರಕೂಡದೆಂಬುದು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮ. ಆ ಅಮೂಲ್ಯ ಗಂಟೆಗಳಲ್ಲಿ ನಲವತ್ತು ನಿಮಿಷ ಹೀಗೆ ಕಾಲಿನ ಇಂಚುಗಳ ಲೆಕ್ಕಕ್ಕೇ ಹೋಗುತ್ತಿತ್ತು. ಕೋಚ್ ನ್ಯೂಟ್ ರಾಕ್ನೆ 1928ರಲ್ಲಿ ಆರ್ಮಿ ತಂಡದ ಎದುರಿನ ಆಟದಲ್ಲಿ, ಹಿಂದೆಯೇ ತೀರಿಕೊಂಡಿದ್ದ ಆಟಗಾರ ಗಿಪ್‌ನ ಹೆಸರೆತ್ತಿ ನೋತ್ರ ಡೇಮ್ ಹುಡುಗರನ್ನು ಹುರಿದುಂಬಿಸಿದ ಕಥೆಯನ್ನು ಎಲ್ಲರೂ ಕೇಳಿದ್ದಾರೆ, ಅದಕ್ಕೇ ಕೋಚಿಂಗ್ ಎಂದರೆ ಭಾಷಣ ಎಂದುಕೊಳ್ಳುತ್ತಾರೆ. ನಾನು ಕಂಡ ಕೋಚಿಂಗ್ ಎಂದರೆ ಕತ್ತಲೆ ಕೋಣೆಯಲ್ಲಿ ಆ ಆರು ಇಂಚು.

ಸೇಬನ್‌ರ ‘ಪ್ರೊಸೆಸ್’ ಎಂಬ ಪ್ರಸಿದ್ಧ ಪದದ ಮೂಲವೂ ಇಂಥದ್ದೇ. 1998ರಲ್ಲಿ ಅವರು ಮಿಷಿಗನ್ ಸ್ಟೇಟ್‌ನಲ್ಲಿದ್ದಾಗ, ದೇಶಕ್ಕೇ ಮೊದಲ ಸ್ಥಾನದಲ್ಲಿದ್ದ ಒಹಾಯೊ ಸ್ಟೇಟನ್ನು ಎದುರಿಸಬೇಕಿತ್ತು. ಅದೇ ವಿಶ್ವವಿದ್ಯಾಲಯದ ಮನೋವೈದ್ಯ ಪ್ರಾಧ್ಯಾಪಕ ಲಯೊನೆಲ್ ರೋಸನ್, ಒಂದು ಪ್ಲೇ ನಡೆಯುವುದು ಸುಮಾರು ಏಳು ಸೆಕೆಂಡು ಮಾತ್ರ, ಅಂಕಫಲಕವನ್ನು ಮರೆತು ಆ ಏಳು ಸೆಕೆಂಡನ್ನಷ್ಟೇ ಆಡಲು ಹೇಳಿ ಎಂದು ಸೂಚಿಸಿದ್ದರು. ಒಂದು ಹಂತದಲ್ಲಿ 24-9ರಿಂದ ಹಿಂದಿದ್ದ ತಂಡ 28-24ರಲ್ಲಿ ಗೆದ್ದಿತು. ‘ಒಂದು ಪ್ಲೇ ಮುಗಿಯಿತು, ಮುಂದಿನದು’ ಎಂದು ಕೋಚ್‌ಗಳು ಮೈಕಿನ ಮುಂದೆ ಹೇಳಿದಾಗ ನಮಗೆ ಆಕಳಿಕೆ ಬರುತ್ತದೆ. ಹತ್ತೊಂಬತ್ತರ ಹುಡುಗನಿಗೆ ಅದು ಗಟ್ಟಿಯಾಗಿ ಹಿಡಿದುಕೊಳ್ಳಬಹುದಾದ ಸೂಚನೆ.

‘ಎಕ್ಸಿಕ್ಯೂಟ್’ ಪದದ ಬಗ್ಗೆ ಮಾತ್ರ ನಿಮ್ಮ ಅನುಮಾನವನ್ನು ನಾನು ಒಪ್ಪುತ್ತೇನೆ. ‘ನಾವು ಎಕ್ಸಿಕ್ಯೂಟ್ ಮಾಡಲಿಲ್ಲ’ ಎಂದರೆ ನಮ್ಮ ಕೋಣೆಯ ಭಾಷೆಯಲ್ಲಿ, ಯೋಜನೆ ಸರಿಯಿತ್ತು, ಹುಡುಗರು ಕೆಡಿಸಿದರು ಎಂದರ್ಥ. ಬಾಯಲ್ಲಿ ‘ನಾವು’ ಇರುತ್ತದೆ, ಬೆರಳು ಮಾತ್ರ ಅತ್ತ ತೋರಿಸುತ್ತಿರುತ್ತದೆ. ಆ ಇಂಗ್ಲಿಷ್ ಪದಕ್ಕೆ ಕಾರ್ಯಗತಗೊಳಿಸುವುದು, ಗಲ್ಲಿಗೇರಿಸುವುದು ಎಂಬ ಎರಡೂ ಅರ್ಥಗಳಿವೆ. ನಿಮ್ಮ ತಂಡದ ಎಕ್ಸಿಕ್ಯೂಷನ್ ಬಗ್ಗೆ ಏನೆನ್ನುತ್ತೀರಿ ಎಂದು ಕೇಳಿದಾಗ ‘ನನ್ನ ಸಮ್ಮತಿಯಿದೆ’ ಎಂದರಂತೆ ಜಾನ್ ಮೆಕೇ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟು, ವೃತ್ತಿಪರ ತಂಡಕ್ಕೆ ಹೋಗಿ ಸಾಲುಸಾಲಾಗಿ ಸೋತವರು. ನಿಜವಾಗಿ ಹೇಳಿದರೋ ಇಲ್ಲವೋ, ಕೋಚ್‌ಗಳೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ.

ನೀವು ವಿವರಿಸಿದ ಎಸೆತದ ಬಗ್ಗೆ ಒಂದು ಮಾತು. ಅದು ಬಹುಶಃ ಆಪ್ಷನ್ ರೂಟ್. ಎದುರಾಳಿ ತನ್ನ ಒಳಬದಿಗೆ ನಿಂತಿದ್ದರೆ ರಿಸೀವರ್ ಹೊರಗೆ ತಿರುಗಬೇಕು, ಹೊರಬದಿಗಿದ್ದರೆ ಒಳಗೆ ತಿರುಗಬೇಕು. ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ಇಬ್ಬರೂ ಅದೇ ಎದುರಾಳಿಯನ್ನು ನೋಡಿ, ಮಾತಿಲ್ಲದೆ, ಒಂದೇ ತೀರ್ಮಾನಕ್ಕೆ ಬರಬೇಕು. ಹೀಗಾಗಿ ‘ಇಬ್ಬರಲ್ಲಿ ಒಬ್ಬನದು ತಪ್ಪು’ ಎಂದು ನೀವು ಹೇಳಿದ್ದು ಸರಿ, ಆದರೆ ಯಾರದೆಂದು ನಿಮಗೂ ನನಗೂ ತಿಳಿಯದು. ಮೂರನೆಯವರ ತಪ್ಪೂ ಇರಬಹುದು. ಆಟದ ವಿಡಿಯೊ ಸಿಕ್ಕರೆ ಆ ಪ್ಲೇಯನ್ನು ಚೆಂಡು ಕದಲುವುದಕ್ಕೆ ಇಪ್ಪತ್ತು ಸೆಕೆಂಡು ಮುಂಚಿನಿಂದ ನೋಡಿ, ಕ್ವಾರ್ಟರ್‌ಬ್ಯಾಕಿನ ಕಣ್ಣು ಎಲ್ಲಿದೆ ಎಂಬುದನ್ನು ಗಮನಿಸಿ. 2024ರಿಂದ ಮೇಲಿನ ದರ್ಜೆಯ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ಕೋಚ್ ರೇಡಿಯೊ ಮೂಲಕ ಮಾತಾಡಬಹುದು. ಆದರೆ ಮುಂದಿನ ಪ್ಲೇ ಆರಂಭಿಸಲು ಸಿಗುವ 40 ಸೆಕೆಂಡುಗಳನ್ನು ಎಣಿಸುವ ಪ್ಲೇ ಗಡಿಯಾರದಲ್ಲಿ 15 ಉಳಿದಾಗ ಆ ರೇಡಿಯೊ ತಾನಾಗಿ ನಿಂತುಹೋಗುತ್ತದೆ.

ಉತ್ತರ 3: ಕಹಿಬೇವು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ‘ತಪ್ಪು ನನ್ನದು’ ಎಂಬ ಮಾತಿಗೆ ನೀವು ಕೊಟ್ಟ ಬೆಲೆ ಅತಿಯಾಯಿತು. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್‌ರನ್ನು ತೆಗೆದಾಗ ಒಪ್ಪಂದದ ಪ್ರಕಾರ ಅವರಿಗೆ ಸಲ್ಲಬೇಕಾದ ಮೊತ್ತ 7.5 ಕೋಟಿ ಡಾಲರ್‌ಗೂ ಹೆಚ್ಚು. ಹೊಣೆ ಹೊತ್ತುಕೊಳ್ಳುವುದಕ್ಕೆ ಇಷ್ಟು ಮೆತ್ತನೆಯ ಹಾಸಿಗೆ ಇರುವಾಗ ‘ನಾನು’ ಎನ್ನಲು ಯಾರಿಗೆ ಕಷ್ಟ? ಹಿಂದೆಲ್ಲ ಈ ದೊರೆಗಳು ಸೋಲಿನ ಹೊಣೆಯನ್ನು ಹುಡುಗರ ಮೇಲೆ ಧಾರಾಳವಾಗಿಯೇ ಹಾಕುತ್ತಿದ್ದರು. ಆಗ ಹುಡುಗ ಬೇರೆ ಕಾಲೇಜಿಗೆ ಹೋಗಬೇಕೆಂದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಬಾಯಿ ಮುಚ್ಚಿಕೊಂಡು ಇರುತ್ತಿದ್ದ. 2018ರಲ್ಲಿ, ಕಾಲೇಜು ಬದಲಿಸಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಲ್ಲಿ ಕೂರದೆಯೇ ಒಮ್ಮೆ ಹೋಗಬಹುದೆಂದಾಯಿತು, ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದಾಯಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದೆಂದಾಯಿತು, ಎಲ್ಲ ಕ್ರೀಡೆಗಳೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಇಂದು ಕ್ವಾರ್ಟರ್‌ಬ್ಯಾಕನ್ನು ಮೈಕಿನ ಮುಂದೆ ಬೈದರೆ ಜನವರಿಯಲ್ಲಿ ಅವನು ಪಕ್ಕದ ರಾಜ್ಯದ ಜೆರ್ಸಿ ತೊಟ್ಟಿರುತ್ತಾನೆ. ಕೋಚ್‌ಗಳ ನಾಲಿಗೆ ಸಿಹಿಯಾದದ್ದು ಜ್ಞಾನೋದಯದಿಂದಲ್ಲ.

ಬಿಚ್ಚಿ ಮಾತಾಡುವವರು ಈಗಲೂ ಇದ್ದಾರೆ, ಅವರನ್ನು ನಾನು ಹೆಚ್ಚು ನಂಬುತ್ತೇನೆ. 2022ರ ಡಿಸೆಂಬರಿನಲ್ಲಿ ಕೊಲರಾಡೊಗೆ ಕೋಚ್ ಆಗಿ ಬಂದ ಡಿಯಾನ್ ಸ್ಯಾಂಡರ್ಸ್, ಆ ವರ್ಷ ಒಂದೇ ಆಟ ಗೆದ್ದು ಹನ್ನೊಂದು ಸೋತಿದ್ದ ತಂಡದ ಎದುರು ನಿಂತು, ನನ್ನ ಸಾಮಾನನ್ನು (ಎಂದರೆ ಆಟಗಾರರನ್ನು) ನಾನೇ ತರುತ್ತಿದ್ದೇನೆ, ಅದು ದುಬಾರಿ ಲೂಯಿ ವಿಟಾನ್, ನೀವು ಪೋರ್ಟಲ್ ಸೇರಿಕೊಳ್ಳಿ ಎಂದರು. ಕ್ರೂರವಾಗಿತ್ತು, ಕ್ಯಾಮೆರಾ ಇಟ್ಟುಕೊಂಡು ಹೇಳಿದ್ದಂತೂ ಅನಗತ್ಯವಾಗಿತ್ತು. ಆದರೆ ಹೇಳಿದ್ದನ್ನು ಮಾಡಿದರು. ಮೊದಲ ವರ್ಷ 4-8 (ನಾಲ್ಕು ಗೆಲುವು, ಎಂಟು ಸೋಲು), ಎರಡನೇ ವರ್ಷ 9-4. ಇಂಡಿಯಾನಾಗೆ ಬಂದ ಕರ್ಟ್ ಸಿಗ್ನೆಟಿ, ಹುಡುಗರು ನಿಮ್ಮನ್ನು ನಂಬಿ ಏಕೆ ಬರಬೇಕು ಎಂಬ ಧಾಟಿಯ ಪ್ರಶ್ನೆಗೆ, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಎಂದರು. ಅವರಿಗಿಂತ ಮುಂಚಿನ ಸೀಸನಿನಲ್ಲಿ 3-9 ಆಗಿದ್ದ ತಂಡ ಅವರ ಮೊದಲ ಸೀಸನಿನಲ್ಲಿ, 2024ರಲ್ಲಿ, 11-2 ಆಗಿ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್ ತಲುಪಿತು. ಇಲ್ಲಿ ‘ನಾನು’ ಇದೆ, ವಿನಯ ಎಳ್ಳಷ್ಟೂ ಇಲ್ಲ. ನಿಮ್ಮ ಸರ್ವನಾಮದ ಸಿದ್ಧಾಂತ ಇದಕ್ಕೆ ಏನು ಹೇಳುತ್ತದೆ?

ಉತ್ತರ 1ರವರ ಮರುನುಡಿ: ಹಳೆಯ ಟಿಪ್ಪಣಿ

ಕಹಿಬೇವು ಅವರೇ, ನ್ಯಾಯವಾದ ಪ್ರಶ್ನೆ. ಸಿಗ್ನೆಟಿಯವರ ‘ನಾನು’ ಸೀಸನ್ ಆರಂಭವಾಗುವ ಮುಂಚಿನದು, ಯಾವ ಆಟಗಾರನನ್ನೂ ಮುಟ್ಟುವುದಿಲ್ಲ. ಅದು ಜಂಬ, ಅದರ ಸಾಲ ತೀರಿಸಬೇಕಾದವರು ಅವರೊಬ್ಬರೇ. ಸ್ಯಾಂಡರ್ಸ್ ಮಾತನ್ನು ನಾನು ಒಪ್ಪಲಾರೆ. ಗೆದ್ದರು ಎಂಬುದರಿಂದ ಆ ಕೋಣೆಯಲ್ಲಿ ಕುಳಿತಿದ್ದ ಹುಡುಗರ ಮುಖ ಬದಲಾಗುವುದಿಲ್ಲ. ಹಣದ ವಿಚಾರದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ, ಆದರೆ ಭಯದಿಂದ ಕಲಿತ ಸಭ್ಯತೆಯೂ ಆಟಗಾರನ ಪಾಲಿಗೆ ಸಭ್ಯತೆಯೇ.

ಉತ್ತರ 4: ಉತ್ತರದ ಚಳಿ

ಮಾತಿನಿಂದ ಕೋಚನ್ನು ಅಳೆಯಬಹುದೇ ಎಂಬ ಪ್ರಶ್ನೆಗೆ, ಮಾತೇ ಆಡದೆ ಬಿಟ್ಟದ್ದರಿಂದಲೂ ಅಳೆಯಬಹುದು ಎಂದು ಸೇರಿಸಬಯಸುತ್ತೇನೆ. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಅತಿ ಹೆಚ್ಚು ಆಟಗಳನ್ನು ಗೆದ್ದ ಕೋಚ್ ಬ್ರೈಯಂಟ್ ಅಲ್ಲ, ಸೇಬನ್ ಅಲ್ಲ. ಮಿನ್ನೆಸೋಟದ ಸೇಂಟ್ ಜಾನ್ಸ್ ಎಂಬ ಸಣ್ಣ ಕಾಲೇಜಿನ ಜಾನ್ ಗಲಿಯಾರ್ಡಿ. 1953ರಿಂದ 2012ರವರೆಗೆ ಅಲ್ಲೇ ಇದ್ದರು, ಬಹುಪಾಲು ವರ್ಷ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ದರ್ಜೆಯಲ್ಲಿ. ಅದಕ್ಕೂ ಮುಂಚೆ ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿದ್ದರು. ಒಟ್ಟು 489 ಗೆಲುವು. ಗ್ರ್ಯಾಂಬ್ಲಿಂಗ್ ಸ್ಟೇಟ್‌ನ ಮಹಾನ್ ಕೋಚ್ ಎಡ್ಡಿ ರಾಬಿನ್ಸನ್‌ರ 408 ಗೆಲುವುಗಳ ದಾಖಲೆಯನ್ನು ಅವರು ದಾಟಿದ್ದು 2003ರಲ್ಲಿ.

ಅವರು ಕೋಚ್ ಆದದ್ದು ಹದಿನಾರನೇ ವಯಸ್ಸಿನಲ್ಲಿ. ಕೊಲರಾಡೊದ ಅವರ ಹೈಸ್ಕೂಲಿನ ಕೋಚ್ ಎರಡನೇ ಮಹಾಯುದ್ಧಕ್ಕೆ ಹೋದಾಗ ತಂಡವೇ ನಿಂತುಹೋಗುವ ಸ್ಥಿತಿ ಬಂತು, ಆಟಗಾರನಾಗಿದ್ದ ಹುಡುಗನೇ ನಡೆಸಿಕೊಂಡು ಹೋದ. ಆಟಗಾರನಾಗಿ ತನಗೆ ಯಾವುದೆಲ್ಲ ಅಸಹ್ಯವಾಗಿತ್ತೋ ಅದನ್ನೆಲ್ಲ ಕೈಬಿಟ್ಟ. ಮುಂದೆ ಅದೇ ಅವರ ಪದ್ಧತಿಯಾಯಿತು: ಅಭ್ಯಾಸದಲ್ಲಿ ಟ್ಯಾಕಲ್ ಮಾಡಿ ಕೆಡವುವಂತಿಲ್ಲ, ಸೀಟಿ ಊದುವಂತಿಲ್ಲ, ಅಭ್ಯಾಸ ಒಂದೂವರೆ ಗಂಟೆ ಮೀರುವಂತಿಲ್ಲ, ಬಂದ ಯಾರನ್ನೂ ತಂಡದಿಂದ ತೆಗೆಯುವಂತಿಲ್ಲ, ಅವರನ್ನು ‘ಕೋಚ್’ ಎನ್ನುವಂತಿಲ್ಲ, ‘ಜಾನ್’ ಎಂದೇ ಕರೆಯಬೇಕು. ಅವರಿನ್ನೂ ಕೋಚ್ ಆಗಿದ್ದಾಗಲೇ, 2010ರಲ್ಲಿ, ಡಾರ್ಟ್‌ಮತ್ ಕಾಲೇಜಿನ ಬಡ್ಡಿ ಟೀವನ್ಸ್ ಅಭ್ಯಾಸದಲ್ಲಿ ಆಟಗಾರರು ಪರಸ್ಪರ ಟ್ಯಾಕಲ್ ಮಾಡುವುದನ್ನು ನಿಲ್ಲಿಸಿದಾಗ ಜನ ನಕ್ಕರು. 2016ರಲ್ಲಿ, ಡಾರ್ಟ್‌ಮತ್ ಸೇರಿರುವ ಐವಿ ಲೀಗ್ ಎಂಬ ಕೂಟದ ಕೋಚ್‌ಗಳೆಲ್ಲ ಸೀಸನ್ ನಡೆಯುವಾಗಿನ ಅಭ್ಯಾಸದಲ್ಲಿ ಅದನ್ನು ಕೈಬಿಡಲು ಒಪ್ಪಿದರು.

‘ಗಟ್ಟಿತನ’ ಎಂಬ ಪದವನ್ನು ಕೋಚ್ ಒಬ್ಬರು ಪದೇ ಪದೇ ಬಳಸಿದರೆ ನನಗೆ ಮೈ ಜುಮ್ಮೆನ್ನುತ್ತದೆ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಭ್ಯಾಸದಲ್ಲಿ ಹತ್ತೊಂಬತ್ತು ವರ್ಷದ ಜೋರ್ಡನ್ ಮೆಕ್ನೇರ್ ಬಿಸಿಲಿನ ಝಳಕ್ಕೆ ಕುಸಿದುಬಿದ್ದ, ಎರಡು ವಾರಗಳಲ್ಲಿ ತೀರಿಕೊಂಡ. ಕಾನೂನಿನ ಮತ್ತು ನೈತಿಕ ಹೊಣೆಯನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಓಡಲಾರದವನನ್ನು ಓಡು ಎನ್ನುವಾಗ ಬಳಸುವ ಪದಗಳು ಪತ್ರಿಕಾಗೋಷ್ಠಿಯಲ್ಲಿ ಕೇಳಿಬರುವುದಿಲ್ಲ. ಅವುಗಳನ್ನು ತಿಳಿಯಲು ಹಳೆಯ ಆಟಗಾರರನ್ನೇ ಕೇಳಬೇಕು.

ಪ್ರಶ್ನೆ ಕೇಳಿದವರ ಮರುನುಡಿ: ಕೊನೆಯ ಸಾಲಿನ ಪ್ರೇಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ವಿಡಿಯೊ ಕೋಣೆಯವರು ಹೇಳಿದಂತೆ ಆ ಪ್ಲೇಯನ್ನು ಇಪ್ಪತ್ತು ಸೆಕೆಂಡು ಹಿಂದಿನಿಂದ ಮತ್ತೆ ನೋಡಿದೆ. ಗಡಿಯಾರದಲ್ಲಿ 14 ಎಂದು ಬಂದಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಎರಡೂ ಕೈಗಳಿಂದ ಹೆಲ್ಮೆಟ್ಟಿನ ಕಿವಿಯ ಭಾಗವನ್ನು ಒತ್ತಿಕೊಂಡು ಅಂಚುಗೆರೆಯ ಕಡೆ ನೋಡುತ್ತಿದ್ದಾನೆ. 9 ಆದಾಗ ಯಾರೋ ಅಲ್ಲಿಂದ ಕೈಸನ್ನೆ ಮಾಡುತ್ತಿದ್ದಾರೆ. 5 ಆದಾಗ ಅವನು ರಿಸೀವರ್ ಕಡೆ ತಿರುಗಿ ಏನೋ ಕೂಗುತ್ತಾನೆ, ರಿಸೀವರ್ ಕೈಯನ್ನು ಕಿವಿಯ ಬಳಿ ಹಿಡಿದು ಕೇಳಿಸಲಿಲ್ಲವೆಂದು ತೋರಿಸುತ್ತಾನೆ. 1 ಇರುವಾಗ ಚೆಂಡು ಕದಲುತ್ತದೆ. ಅಂಕಫಲಕದ ಕೆಳಗೆ ನಮ್ಮ ತಂಡಕ್ಕೆ ಇನ್ನೂ ಎರಡು ಟೈಮ್‌ಔಟ್ (ಆಟ ನಿಲ್ಲಿಸಿ ಮಾತಾಡಿಕೊಳ್ಳುವ ಬಿಡುವು) ಉಳಿದಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಆಮೇಲೆ ಪತ್ರಿಕಾಗೋಷ್ಠಿಯನ್ನೂ ಸರ್ವನಾಮಗಳಿಗಾಗಿ ಇನ್ನೊಮ್ಮೆ ಕೇಳಿದೆ. ಏಳನೇ ನಿಮಿಷದಲ್ಲಿ, ಆರನೇ ‘ಎಕ್ಸಿಕ್ಯೂಟ್’ ಆದ ಕೂಡಲೇ, ನಾನು ಮೊದಲ ಸಲ ಗಮನಿಸದೆ ಬಿಟ್ಟ ಒಂದು ಸಣ್ಣ ವಾಕ್ಯವಿದೆ: ‘ಆ ಮೂರನೇ ಡೌನಿನಲ್ಲಿ ಅವನನ್ನು ಆ ಇಕ್ಕಟ್ಟಿಗೆ ನೂಕಿದವರು ನಾವು.’ ವರದಿಗಾರರು ಯಾರೂ ಅದನ್ನು ಹಿಡಿದು ಕೇಳಲಿಲ್ಲ. ಮುಂದಿನ ಪ್ರಶ್ನೆ ಬೇರೊಬ್ಬ ಆಟಗಾರನ ಮೊಣಕಾಲಿನ ಬಗ್ಗೆ ಇತ್ತು. ಆ ‘ನಾವು’ ಎಂದರೆ ಕೋಚ್ ಒಬ್ಬರೇ, ಅವರ ಸಹಾಯಕರೇ, ಸನ್ನೆ ಮಾಡಿದವರೇ ಎಂಬುದು ನನಗೆ ತಿಳಿಯಲಿಲ್ಲ. ಟೈಮ್‌ಔಟ್ ಕೇಳಬೇಕಾದವರು ಯಾರು, ಕ್ವಾರ್ಟರ್‌ಬ್ಯಾಕ್ ತಾನಾಗಿ ಕೇಳುವಂತಿದೆಯೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 2ರವರ ಮರುನುಡಿ: ವಿಡಿಯೊ ಕೋಣೆ

ಮೈದಾನದಲ್ಲಿರುವ ಯಾವ ಆಟಗಾರನಾದರೂ ಕೇಳಬಹುದು, ಮುಖ್ಯ ಕೋಚ್ ಕೂಡ ಅಂಚಿನಿಂದ ಕೇಳಬಹುದು. ಆದರೆ ಎರಡನೇ ವರ್ಷದ ಹುಡುಗ, ಕೊನೆಯ ಎರಡು ನಿಮಿಷ, ಉಳಿದಿರುವುದು ಎರಡೇ ಟೈಮ್‌ಔಟ್ ಎಂದರೆ, ಅದನ್ನು ತಾನಾಗಿ ಖರ್ಚು ಮಾಡುವ ಧೈರ್ಯ ಅವನಿಗೆ ಬರುವುದು ಮುಂಚೆಯೇ ಯಾರಾದರೂ ‘ಗಡಿಯಾರ 5ಕ್ಕೆ ಬಂದರೆ ನನ್ನನ್ನು ಕೇಳಬೇಡ, ತೆಗೆದುಕೋ’ ಎಂದು ಹೇಳಿಟ್ಟಿದ್ದರೆ ಮಾತ್ರ. ನಮ್ಮ ತಂಡದಲ್ಲಿ ಆ ಮಾತನ್ನು ಪ್ರತಿ ಗುರುವಾರ ಅಭ್ಯಾಸ ಮುಗಿಯುವ ಹೊತ್ತಿಗೆ ಹೇಳುತ್ತಿದ್ದರು, ಹುಡುಗ ಅದನ್ನು ಬಾಯಿಬಿಟ್ಟು ಮರಳಿ ಹೇಳಬೇಕಿತ್ತು. ಈ ಶನಿವಾರ ಗಡಿಯಾರ 5ಕ್ಕೆ ಇಳಿದಾಗ ನಿಮ್ಮ ಕ್ವಾರ್ಟರ್‌ಬ್ಯಾಕಿನ ಕೈಗಳನ್ನು ನೋಡಿ.